ಸಣ್ಣ ಊರಿನ ಸರ್ಕಾರಿ ಲಾ ಕಾಲೇಜು: ಆಯ್ಕೆಯಿಂದ ಅಡ್ಮಿಷನ್‌ವರೆಗೆ

ಜೂನ್ ಬಂತೆಂದರೆ ನಮ್ಮ ತಾಲ್ಲೂಕು ಕೋರ್ಟಿನ ವಕೀಲರ ಸಂಘದ ಮುಂದೆ ಯಾರಾದರೂ ಮಗಳನ್ನೋ ತಮ್ಮನನ್ನೋ ಕರೆದುಕೊಂಡು ಬಂದು ನಿಂತಿರುತ್ತಾರೆ. "ಸಾರ್, ಇವಳಿಗೆ ಲಾ ಓದ್ಬೇಕಂತೆ. ಬೆಂಗಳೂರಿಗೇ ಹಾಕ್ಬೇಕಾ, ಇಲ್ಲೇ ಗೌರ್ಮೆಂಟ್ ಕಾಲೇಜು ನಡೆಯುತ್ತಾ?" ನಾನು ಓದಿದ್ದೂ ಅಂಥದ್ದೇ ಕಾಲೇಜಿನಲ್ಲಿ. ಕ್ಲಾಸಿನಲ್ಲಿ ನಲವತ್ತು ಚಿಲ್ಲರೆ ಜನ, ತಿರುಗಿದರೆ ತಿರುಗಿತು ಎನ್ನುವಂಥ ಎರಡು ಫ್ಯಾನು, ಒಪ್ಪಂದ ಕಾಯ್ದೆಯನ್ನು ಕಥೆಯ ಹಾಗೆ ಹೇಳುವ ಒಬ್ಬ ಮೇಷ್ಟ್ರು. ಹಾಗಾಗಿ ನನ್ನ ಉತ್ತರದಲ್ಲಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತೆ: ನಡೆಯುತ್ತೆ. ಆದರೆ ಕಟ್ಟಡ ನೋಡಿ ಸೇರಬೇಡಿ. ಕೋರ್ಟು ಎಷ್ಟು ಹತ್ತಿರ, ಲೈಬ್ರರಿ ಎಷ್ಟು ಜೀವಂತ, ಪಾಠ ಮಾಡುವವರು ಯಾರು, ಇಷ್ಟನ್ನು ನೋಡಿ ಸೇರಿ. ಅದನ್ನು ನೋಡುವುದು ಹೇಗೆ, ಅರ್ಜಿ ಹಾಕುವಾಗ ಎಲ್ಲಿ ಎಡವುತ್ತೇವೆ ಎನ್ನುವುದನ್ನು ಒಂದೊಂದಾಗಿ ಬರೆಯುತ್ತೇನೆ.

ಸರ್ಕಾರಿ ಅಂದರೆ ಯಾವುದು?

ಮೊದಲ ಗೊಂದಲವೇ ಇದು. ಕರ್ನಾಟಕದಲ್ಲಿ ನೂರಕ್ಕೂ ಹೆಚ್ಚು ಕಾನೂನು ಕಾಲೇಜುಗಳಿವೆ. ಬಹುಪಾಲು 2009ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿವೆ. ಆದರೆ ವಿಶ್ವವಿದ್ಯಾಲಯ ಸರ್ಕಾರದ್ದು ಎಂದಾಕ್ಷಣ ಅದರಡಿಯ ಕಾಲೇಜೆಲ್ಲ ಸರ್ಕಾರಿ ಆಗುವುದಿಲ್ಲ. ಹೆಚ್ಚಿನವು ಖಾಸಗಿ ಸಂಸ್ಥೆಗಳವು. ಅವುಗಳಲ್ಲಿ ಕೆಲವು ಅನುದಾನಿತ, ಉಳಿದವು ಅನುದಾನರಹಿತ.

ಸರ್ಕಾರವೇ ನೇರವಾಗಿ ನಡೆಸುವ ಕಾಲೇಜುಗಳು ಕಡಿಮೆ. ಹೊಳೆನರಸೀಪುರ, ರಾಮನಗರದಲ್ಲಿರುವಂಥವು ಈ ಗುಂಪಿಗೆ ಸೇರುತ್ತವೆ. ಇವುಗಳ ಪಕ್ಕದಲ್ಲೇ ಇಡಬಹುದಾದವು ವಿಶ್ವವಿದ್ಯಾಲಯಗಳೇ ನಡೆಸುವ ಕಾಲೇಜುಗಳು: ಬೆಂಗಳೂರು ವಿಶ್ವವಿದ್ಯಾಲಯದ ಯೂನಿವರ್ಸಿಟಿ ಲಾ ಕಾಲೇಜು, ಧಾರವಾಡದ ಸರ್ ಸಿದ್ದಪ್ಪ ಕಂಬಳಿ ಕಾನೂನು ಕಾಲೇಜು, ಹುಬ್ಬಳ್ಳಿಯ ನವನಗರದಲ್ಲಿ ಕಾನೂನು ವಿವಿಯದೇ ಲಾ ಸ್ಕೂಲು. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯೂ ಸಾರ್ವಜನಿಕ ಸಂಸ್ಥೆಯೇ. ಆದರೆ ಅಲ್ಲಿಗೆ ಸೇರಲು ಐದು ವರ್ಷದ ಕೋರ್ಸಿಗೆ ಕ್ಲಾಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ, ಮೂರು ವರ್ಷದ್ದಕ್ಕೆ ಆ ಶಾಲೆಯದೇ ಪ್ರವೇಶ ಪರೀಕ್ಷೆ ಬರೆಯಬೇಕು, ಶುಲ್ಕ ಲಕ್ಷಗಳ ಲೆಕ್ಕದಲ್ಲಿ ಬರುತ್ತೆ. ಅದು ಬೇರೆಯೇ ದಾರಿ, ಈ ಬರಹಕ್ಕೆ ಸಂಬಂಧವಿಲ್ಲ.

ಬೋರ್ಡಿನ ಮೇಲೆ ಊರಿನ ಹೆಸರಿನ ಜೊತೆ "ಕಾನೂನು ಮಹಾವಿದ್ಯಾಲಯ" ಎಂದಿದ್ದರೆ ಸರ್ಕಾರಿ ಎಂದು ಅಂದುಕೊಳ್ಳಬೇಡಿ. ಆಫೀಸಿನಲ್ಲಿ ನೇರವಾಗಿ ಕೇಳಿ: "ಇದು ಸರ್ಕಾರಿಯೋ, ಅನುದಾನಿತವೋ, ಮ್ಯಾನೇಜ್‌ಮೆಂಟ್ ಸೀಟು ಇದೆಯೋ?" ಮ್ಯಾನೇಜ್‌ಮೆಂಟ್ ಸೀಟು ಎಂಬ ಮಾತು ಬಂದರೆ ಅದು ಸರ್ಕಾರಿ ಅಲ್ಲ. ಅಷ್ಟು ಸುಲಭ.

ಮೂರು ವರ್ಷವೋ, ಐದು ವರ್ಷವೋ

ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಬಿ.ಎ. ಎಲ್‌ಎಲ್‌.ಬಿ., ಬಿ.ಬಿ.ಎ. ಎಲ್‌ಎಲ್‌.ಬಿ. ತರಹದವು, ಹತ್ತು ಸೆಮಿಸ್ಟರ್. ಡಿಗ್ರಿ ಮುಗಿಸಿದವರಿಗೆ ಮೂರು ವರ್ಷದ ಎಲ್‌ಎಲ್‌.ಬಿ., ಆರು ಸೆಮಿಸ್ಟರ್. ಸಣ್ಣ ಕಾಲೇಜುಗಳಲ್ಲಿ ಎರಡೂ ಇರಲೇಬೇಕೆಂದಿಲ್ಲ, ಮೊದಲು ಅದನ್ನು ವಿಚಾರಿಸಿ.

ಅರ್ಹತೆ ಭಾರತೀಯ ವಕೀಲರ ಪರಿಷತ್ತಿನ, ಅಂದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮದಂತೆ: ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಗಳಿಗೆ ಶೇ. 42, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ. 40. ಇದು ಒಳಗೆ ಕಾಲಿಡುವ ಕನಿಷ್ಠ ಅಂಕ, ಸೀಟಿನ ಭರವಸೆ ಅಲ್ಲ. 44.8 ಇದ್ದವರು "45 ಅಂತ ಹಿಡೀತಾರೆ ಬಿಡಿ" ಎಂದು ಯಾರೋ ಹೇಳಿದ್ದನ್ನು ನಂಬಿ ಕೂರಬಾರದು. ಡಿಗ್ರಿಯಲ್ಲಿ ಅಂಕದ ಬದಲು ಸಿಜಿಪಿಎ ಬಂದಿದ್ದರೆ, ಅದನ್ನು ಶೇಕಡಾವಾರಿಗೆ ಪರಿವರ್ತಿಸಿದ ಪತ್ರವನ್ನು ನಿಮ್ಮ ವಿಶ್ವವಿದ್ಯಾಲಯದಿಂದಲೇ ತೆಗೆದುಕೊಳ್ಳಿ. ಇನ್ನೊಂದು: ಎಸ್‌ಎಸ್‌ಎಲ್‌ಸಿ, ಪಿಯುಸಿ ಇಲ್ಲದೆ ಮುಕ್ತ ವಿವಿಯಿಂದ ನೇರವಾಗಿ ಡಿಗ್ರಿ ಪಡೆದವರನ್ನು ಈ ನಿಯಮ ಒಳಗೆ ಬಿಡುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಓದಿ, ಡಿಗ್ರಿಯನ್ನಷ್ಟೇ ದೂರಶಿಕ್ಷಣದಲ್ಲಿ ಮಾಡಿದವರಿಗೆ ತೊಂದರೆ ಇಲ್ಲ.

ನನ್ನನ್ನು ಕೇಳಿದರೆ, ಹದಿನೆಂಟಕ್ಕೇ "ಲಾಯರೇ ಆಗಬೇಕು" ಎಂದು ಹಟ ಹಿಡಿದ ಮಗು ಐದು ವರ್ಷದ್ದಕ್ಕೆ ಹೋಗಲಿ. ಅರೆಮನಸ್ಸಿನವರು ಡಿಗ್ರಿ ಮುಗಿಸಿ ಬರುವುದೇ ವಾಸಿ. ಮೂರು ವರ್ಷದ ತರಗತಿಯಲ್ಲಿ ನಿವೃತ್ತ ಮೇಷ್ಟ್ರು, ಇಬ್ಬರು ಮಕ್ಕಳ ತಾಯಿ, ಆಗಷ್ಟೇ ಬಿ.ಕಾಂ. ಮುಗಿಸಿದ ಹುಡುಗ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಆಸ್ತಿ ವರ್ಗಾವಣೆ ಕಾಯ್ದೆಯ ಪಾಠದಲ್ಲಿ ಆ ಮೇಷ್ಟ್ರು ತಮ್ಮ ಮನೆಯ ಪಾಲುಪಟ್ಟಿಯ ಜಗಳವನ್ನೇ ಬಿಚ್ಚಿದರೆ ಪುಸ್ತಕ ಬೇಕಾಗುವುದಿಲ್ಲ.

ಮಾನ್ಯತೆ ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ

ಸನ್ನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ, ಸಿಗುವುದು ಬಾರ್ ಕೌನ್ಸಿಲ್ ಮಾನ್ಯತೆ ಇರುವ ಕಾಲೇಜಿನ ಪದವಿಗೆ ಮಾತ್ರ. ವಿಶ್ವವಿದ್ಯಾಲಯದ ಸಂಯೋಜನೆ ಬೇರೆ, ಬಾರ್ ಕೌನ್ಸಿಲ್ ಮಾನ್ಯತೆ ಬೇರೆ, ಎರಡೂ ಬೇಕು. ಪರಿಷತ್ತಿನ ಜಾಲತಾಣದಲ್ಲಿ ಕಾಲೇಜುಗಳ ಪಟ್ಟಿ ಇರುತ್ತೆ, ಯಾವ ವರ್ಷದವರೆಗೆ ಮಾನ್ಯತೆ ಇದೆ ಎಂಬುದೂ ಇರುತ್ತೆ. ನಿಮ್ಮ ಕಾಲೇಜಿನ ಸಾಲನ್ನು ಹುಡುಕಿ, ಕೋರ್ಸಿನ ಹೆಸರನ್ನೂ ಹೊಂದಿಸಿ ನೋಡಿ. ಮೂರು ವರ್ಷದ್ದಕ್ಕೆ ಮಾನ್ಯತೆ ಇದ್ದು ಐದು ವರ್ಷದ್ದಕ್ಕೆ ಇಲ್ಲದಿರಬಹುದು.

ಸರ್ಕಾರಿ ಕಾಲೇಜು ಎಂಬ ಕಾರಣಕ್ಕೆ ಈ ಕೆಲಸ ಬಿಡಬೇಡಿ. ಮಾನ್ಯತೆ ನವೀಕರಣಕ್ಕೆ ಶುಲ್ಕ ಕಟ್ಟಬೇಕು, ತಪಾಸಣೆ ಆಗಬೇಕು; ಕಡತ ಎಲ್ಲೋ ಒಂದು ಮೇಜಿನ ಮೇಲೆ ಮಲಗಿದರೆ ಅದರ ಫಲ ಉಣ್ಣುವವರು ಕೊನೆಗೆ ವಿದ್ಯಾರ್ಥಿಗಳು. ಪಟ್ಟಿಯಲ್ಲಿ ಅವಧಿ ಮುಗಿದಂತೆ ಕಂಡರೆ ಪ್ರಾಂಶುಪಾಲರನ್ನು ಕಂಡು ನವೀಕರಣದ ಪತ್ರ ತೋರಿಸಲು ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ, ಅದೂ ಒಂದು ಉತ್ತರವೇ.

ದೂರಶಿಕ್ಷಣದ, ಆನ್‌ಲೈನಿನ ಎಲ್‌ಎಲ್‌.ಬಿ.ಗೆ ಸನ್ನದು ಇಲ್ಲ. ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೇ ನಡೆಯಬೇಕೆಂದು 2008ರ ಕಾನೂನು ಶಿಕ್ಷಣ ನಿಯಮಗಳು ಹೇಳುತ್ತವೆ, ಪ್ರತಿ ವಿಷಯದಲ್ಲೂ ಶೇ. 70 ಹಾಜರಾತಿಯನ್ನೂ ಕೇಳುತ್ತವೆ. "ಪರೀಕ್ಷೆಗೆ ಮಾತ್ರ ಬನ್ನಿ, ಉಳಿದದ್ದು ನಾವು ನೋಡ್ಕೋತೀವಿ" ಎನ್ನುವ ಕಾಲೇಜಿದ್ದರೆ ಅಲ್ಲಿಂದ ಎದ್ದು ಬನ್ನಿ. ಸರ್ಕಾರಿ ನೌಕರರು ಇಲಾಖೆಯ ಅನುಮತಿ ಪತ್ರವನ್ನು ಮೊದಲೇ ತೆಗೆದುಕೊಳ್ಳಬೇಕು. ಸೇರಿದ ಮೇಲೆ ನೋಡೋಣ ಎಂದವರು ಎರಡು ಕಡೆಯೂ ಸಿಕ್ಕಿಹಾಕಿಕೊಂಡದ್ದನ್ನು ಕಂಡಿದ್ದೇನೆ.

ಒಂದು ದಿನ ಕಾಲೇಜಿನಲ್ಲಿ ಕಳೆಯಿರಿ

ಇಡೀ ಬರಹದಲ್ಲಿ ಒಂದೇ ಒಂದು ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ. ಅಡ್ಮಿಷನ್ ಗಲಾಟೆಯ ದಿನ ಅಲ್ಲ, ಸೆಮಿಸ್ಟರ್ ನಡುವಿನ ಒಂದು ಸಾಮಾನ್ಯ ಮಂಗಳವಾರವೋ ಬುಧವಾರವೋ ಹನ್ನೊಂದು ಗಂಟೆಗೆ ಹೋಗಿ. ಯಾರಿಗೂ ಹೇಳಿ ಹೋಗಬೇಡಿ. ತರಗತಿ ನಡೆಯುತ್ತಿದೆಯೇ? ಎಷ್ಟು ಜನ ಕೂತಿದ್ದಾರೆ? ನಿಯಮದ ಪ್ರಕಾರ ಒಂದು ವಿಭಾಗಕ್ಕೆ 60 ಜನ. ಅದರಲ್ಲಿ ಎಂಟು ಜನ ಕೂತಿದ್ದರೆ ಉಳಿದ 52 ಜನರ ಹಾಜರಾತಿ ಎಲ್ಲಿಂದ ಬರುತ್ತೆ ಎಂದು ನೀವೇ ಯೋಚಿಸಿ.

ಆಮೇಲೆ ಲೈಬ್ರರಿ. ಎಷ್ಟು ಸಾವಿರ ಪುಸ್ತಕ ಎಂಬ ಬೋರ್ಡು ನೋಡಬೇಡಿ, ಬೀರುವಿನ ಹತ್ತಿರ ಹೋಗಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ. ಈ ಮೂರರ ಮೇಲೆ ಒಂದೊಂದಾದರೂ ವ್ಯಾಖ್ಯಾನ ಗ್ರಂಥ ಇದೆಯೇ? ಐಎಲ್‌ಆರ್ ಕರ್ನಾಟಕ, ಕರ್ನಾಟಕ ಲಾ ಜರ್ನಲ್ ಎಂಬ ತೀರ್ಪು ಸಂಗ್ರಹಗಳ ಸಂಪುಟಗಳು ಯಾವ ವರ್ಷಕ್ಕೆ ಬಂದು ನಿಂತಿವೆ? ಬೆನ್ನಿನ ಮೇಲಿನ ಇಸವಿ 2011ಕ್ಕೆ ನಿಂತಿದ್ದರೆ ಆ ವರ್ಷವೇ ದುಡ್ಡು ನಿಂತಿದೆ ಎಂದರ್ಥ. ಒಂದು ಪುಸ್ತಕ ತೆಗೆದು ಹಿಂದಿನ ಚೀಟಿ ನೋಡಿ, ಕೊನೆಯ ಸಲ ಯಾರಿಗಾದರೂ ಕೊಟ್ಟ ತಾರೀಖು ಯಾವುದು? ನಾನು ಹೋದ ವರ್ಷ ಹೀಗೆ ನೋಡಿದ ಒಂದು ಕಡೆ, ಗಾಜಿನ ಬೀರುವಿಗೆ ಬೀಗ, ಬೀಗದ ಕೈ ರಜೆಯಲ್ಲಿದ್ದವರ ಹತ್ತಿರ. ಇನ್ನೊಂದು ಕಡೆ ಕಟ್ಟಡಕ್ಕೆ ಸುಣ್ಣ ಕಂಡು ಯಾವ ಕಾಲವಾಗಿತ್ತೋ, ಆದರೆ ಮಧ್ಯಾಹ್ನ ಎರಡಕ್ಕೆ ಹದಿನಾಲ್ಕು ಮಕ್ಕಳು ಕೂತು ತೀರ್ಪು ಬರೆದುಕೊಳ್ಳುತ್ತಿದ್ದರು. ಯಾವುದಕ್ಕೆ ಸೇರಬೇಕೆಂದು ಹೇಳಬೇಕಿಲ್ಲ.

ದುಡ್ಡು ಕೊಟ್ಟು ನೋಡುವ ತೀರ್ಪುಗಳ ಡೇಟಾಬೇಸ್ ಇಲ್ಲ ಎಂದು ಸಣ್ಣ ಕಾಲೇಜನ್ನು ತಳ್ಳಿಹಾಕಬೇಡಿ. ಸುಪ್ರೀಂ ಕೋರ್ಟಿನ ವರದಿಯಾದ ತೀರ್ಪುಗಳು 2023ರಿಂದ ಕೋರ್ಟಿನದೇ ಜಾಲತಾಣವಾದ ಇ-ಎಸ್‌ಸಿಆರ್‌ನಲ್ಲಿ ಉಚಿತವಾಗಿ ಸಿಗುತ್ತಿವೆ, ಕೆಲವದರ ಕನ್ನಡ ಅನುವಾದವೂ ಇದೆ. ಬೇಕಾದದ್ದು ಒಂದು ಕಂಪ್ಯೂಟರು, ನಿಲ್ಲದ ಇಂಟರ್‌ನೆಟ್ಟು, ಹುಡುಕುವುದು ಹೇಗೆಂದು ಹೇಳಿಕೊಡುವ ಒಬ್ಬರು.

ಮೂರನೆಯದು ಪಾಠ ಮಾಡುವವರು. ಖಾಯಂ ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ? ಅತಿಥಿ ಉಪನ್ಯಾಸಕರೆಂದರೆ ಕಡಿಮೆ ಎಂದಲ್ಲ; ಬೆಳಿಗ್ಗೆ ಪಾಠ ಮಾಡಿ ಹನ್ನೊಂದಕ್ಕೆ ಕೋರ್ಟಿಗೆ ಹೋಗುವ ವಕೀಲರು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳಿಕೊಟ್ಟ ಹಾಗೆ ಬೇರೆಯವರು ಹೇಳಿಕೊಡಲಾರರು. ತೊಂದರೆ ಇರುವುದು ನೇಮಕಾತಿಯಲ್ಲಿ. ಆದೇಶ ತಡವಾದರೆ ಸೆಮಿಸ್ಟರಿನ ಮೊದಲ ತಿಂಗಳು ಖಾಲಿ ಹೋಗುತ್ತೆ. ಆದ್ದರಿಂದ ಪ್ರಾಂಶುಪಾಲರನ್ನಲ್ಲ, ಕ್ಯಾಂಟೀನಿನಲ್ಲಿ ಸಿಗುವ ಎರಡನೇ ವರ್ಷದವರನ್ನು ಕೇಳಿ: "ಹೋದ ಸೆಮಿಸ್ಟರ್ ಯಾವ ಪೇಪರ್ ಪಾಠವೇ ಆಗಲಿಲ್ಲ?" ಉತ್ತರ ತಡವರಿಸದೆ ಬರುತ್ತೆ.

ಕೊನೆಗೆ ಕಾಲೇಜಿನ ಗೇಟಿನಿಂದ ಕೋರ್ಟಿಗೆ ನಡೆದು ನೋಡಿ. ಹತ್ತು ನಿಮಿಷವಾದರೆ ಅದು ಬೆಂಗಳೂರಿನ ಯಾವ ಎಸಿ ಕಾಲೇಜಿನಲ್ಲೂ ಸಿಗದ ಆಸ್ತಿ. ಮಧ್ಯಾಹ್ನ ತರಗತಿ ಮುಗಿಸಿ ಒಂದು ಪಾಟೀಸವಾಲು ಕೇಳಿಬರಬಹುದು, ಲೋಕ ಅದಾಲತ್‌ನಲ್ಲಿ ಜಮೀನಿನ ಜಗಳ ಹೇಗೆ ರಾಜಿಯಾಗುತ್ತೆ ನೋಡಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಜೊತೆ ಕಾಲೇಜಿನ ಕಾನೂನು ನೆರವು ಘಟಕ ಕೆಲಸ ಮಾಡುತ್ತಿದೆಯೇ ಎಂದು ಕೇಳಿ. ಘಟಕ ಇರಲೇಬೇಕೆಂದು ನಿಯಮವಿದೆ, ಆದರೆ ಬಾಗಿಲ ಮೇಲೆ ಬೋರ್ಡು ಮಾತ್ರ ಇರುವ ಕಡೆಗಳೂ ಉಂಟು. ಮೂರು ವರ್ಷದ ಕೋರ್ಸಿನಲ್ಲಿ ಕನಿಷ್ಠ 12 ವಾರ, ಐದು ವರ್ಷದ್ದರಲ್ಲಿ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಸಣ್ಣ ಊರಿನಲ್ಲಿ ಸೀನಿಯರ್ ವಕೀಲರ ಕಚೇರಿಗೆ ನೇರವಾಗಿ ಹೋಗಿ "ಬರ್ಲಾ ಸಾರ್?" ಎಂದರೆ ಮುಗಿಯಿತು. ವಾದಪತ್ರ ಟೈಪು ಮಾಡುವುದರಿಂದ ಶುರು.

ಬದಲಿಗೆ ಏನು ಸಿಗುವುದಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ದೊಡ್ಡ ಕಾರ್ಪೊರೇಟ್ ಫರ್ಮುಗಳು ಕ್ಯಾಂಪಸ್ಸಿಗೆ ಬರುವುದಿಲ್ಲ. ಅಣಕು ನ್ಯಾಯಾಲಯದ ಸ್ಪರ್ಧೆಗೆ ದೆಹಲಿಗೆ ಹೋಗಬೇಕೆಂದರೆ ರೈಲಿನ ಟಿಕೆಟ್ಟಿಗೆ ನೀವೇ ಓಡಾಡಬೇಕು. ಕಂಪನಿ ಕಾನೂನು, ತೆರಿಗೆ, ಪೇಟೆಂಟ್ ಇವೇ ನಿಮ್ಮ ಗುರಿಯಾಗಿದ್ದರೆ ಸಣ್ಣ ಊರು ನಿಮಗಲ್ಲ.

ಕನ್ನಡದಲ್ಲಿ ಬರೆಯಬಹುದೇ?

ಕಾನೂನು ವಿವಿಯ ಪ್ರಶ್ನೆಪತ್ರಿಕೆಯ ತಲೆಯ ಮೇಲೇ ಸೂಚನೆ ಇರುತ್ತೆ: ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿ ಕನ್ನಡದಲ್ಲಿ ಬರೆಯಬೇಕು. ಅರ್ಧ ಅದು, ಅರ್ಧ ಇದು ಬೇಡ. ಐದು ಘಟಕ, ಪ್ರತಿ ಘಟಕದಿಂದ ಒಂದು ಪ್ರಬಂಧ ಮಾದರಿಯ ಪ್ರಶ್ನೆ, ಜೊತೆಗೆ ಒಂದು ಟಿಪ್ಪಣಿಯೋ ಸಮಸ್ಯೆಯೋ. ಹಳೆಯ ಪ್ರಶ್ನೆಪತ್ರಿಕೆ ನಾಲ್ಕು ತರಿಸಿಕೊಂಡು ಸೇರುವ ಮೊದಲೇ ಒಮ್ಮೆ ಓದಿ ನೋಡಿ, ಭಯ ಅರ್ಧ ಇಳಿಯುತ್ತೆ.

ಕನ್ನಡದಲ್ಲಿ ಬರೆದು ಪಾಸಾಗಿ ಇವತ್ತು ಒಳ್ಳೆಯ ವಕೀಲಿಕೆ ಮಾಡುತ್ತಿರುವವರು ನಮ್ಮ ಸಂಘದಲ್ಲೇ ಇದ್ದಾರೆ. ತಾಲ್ಲೂಕು ಕೋರ್ಟಿನಲ್ಲಿ ಕಕ್ಷಿದಾರರ, ಸಾಕ್ಷಿಯ ಮಾತೆಲ್ಲ ಕನ್ನಡವೇ. ಆದರೆ ಹೈಕೋರ್ಟಿನ ಭಾಷೆ ಇಂಗ್ಲಿಷು, ಧಾರವಾಡ ಕಲಬುರಗಿ ಪೀಠಗಳಲ್ಲೂ ಅಷ್ಟೇ. ಹಾಗಾಗಿ ಉತ್ತರ ಕನ್ನಡದಲ್ಲೇ ಬರೆಯಿರಿ, ದಿನಕ್ಕೆ ಎರಡು ಪುಟ ತೀರ್ಪನ್ನು ಇಂಗ್ಲಿಷಿನಲ್ಲಿ ಓದಿ.

ದಾಖಲೆ: ಎಲ್ಲರೂ ಎಡವುವ ಜಾಗ

ನನ್ನ ತಂಗಿಯ ಮಗನ ಕಥೆ ಕೇಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅವನ ಹೆಸರಿನ ಹಿಂದೆ ಒಂದೇ ಇನಿಷಿಯಲ್, ಡಿಗ್ರಿಯಲ್ಲಿ ಎರಡು, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಸೀಟು ಬಂತು, ದಾಖಲೆ ಪರಿಶೀಲನೆಯಲ್ಲಿ ನಿಂತಿತು. ಎರಡು ದಿನದಲ್ಲಿ ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿ, ಆಧಾರ್ ತಿದ್ದುಪಡಿಗೆ ಸಾಲು ನಿಂತು, ಕೊನೆಯ ದಿನ ನಾಲ್ಕೂವರೆಗೆ ಕಾಲೇಜಿನ ಕೌಂಟರ್ ಮುಟ್ಟಿದ. ವಕೀಲ ಮಾವನ ಮನೆಯಲ್ಲೇ ಹೀಗೆ. ನೀವು ಮೇ ತಿಂಗಳಲ್ಲೇ ಎಲ್ಲ ಕಾಗದವನ್ನೂ ಮೇಜಿನ ಮೇಲೆ ಹರಡಿಕೊಂಡು ಹೆಸರು, ಹುಟ್ಟಿದ ತಾರೀಖು ಅಕ್ಷರ ಅಕ್ಷರ ಹೊಂದಿಸಿ ನೋಡಿ.

ಬೇಕಾಗುವವು: ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿ, ಮೂರು ವರ್ಷದ್ದಕ್ಕಾದರೆ ಡಿಗ್ರಿಯ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಜೊತೆಗೆ ಘಟಿಕೋತ್ಸವದ ಅಥವಾ ತಾತ್ಕಾಲಿಕ ಪದವಿ ಪ್ರಮಾಣಪತ್ರ, ಕೊನೆಗೆ ಓದಿದ ಕಾಲೇಜಿನ ಟಿ.ಸಿ.; ಆಧಾರ್, ಫೋಟೋ. ಬೇರೆ ವಿಶ್ವವಿದ್ಯಾಲಯದಿಂದ ಬರುವವರಿಗೆ ವಲಸೆ ಪ್ರಮಾಣಪತ್ರ. ಇದಕ್ಕೇ ತುಂಬಾ ದಿನ ಹಿಡಿಯುವುದರಿಂದ ಫಲಿತಾಂಶ ಬಂದ ವಾರವೇ ಅರ್ಜಿ ಹಾಕಿ. ಮೀಸಲಾತಿ ಕೇಳುವವರಿಗೆ ನಾಡಕಚೇರಿಯ ಜಾತಿ-ಆದಾಯ ಪತ್ರ, ಅದರ ಮೇಲಿನ ಆರ್‌ಡಿ ನಂಬರ್ ಓದುವ ಹಾಗಿರಲಿ, ಅವಧಿ ಮುಗಿದಿರದಿರಲಿ. ಗ್ರಾಮೀಣ, ಕನ್ನಡ ಮಾಧ್ಯಮದ ಪತ್ರಗಳಿಗೆ ಓದಿದ ಶಾಲೆಯ ಸಹಿ, ಅದರ ಮೇಲೆ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕಾಗುತ್ತೆ, ಶಾಲೆಗೆ ಬೇಸಿಗೆ ರಜೆ ಬರುವ ಮೊದಲೇ ಮಾಡಿಸಿಡಿ. ಕಲ್ಯಾಣ ಕರ್ನಾಟಕದವರು ಆ ಭಾಗದವರ ಮೀಸಲಾತಿಗೆ ಬೇಕಾದ 371(ಜೆ) ಪತ್ರ ಮರೆಯಬೇಡಿ. ಎಲ್ಲದರ ಜೆರಾಕ್ಸ್ ಮೂರು ಸೆಟ್. ಅಸಲು ಕೊಟ್ಟಾಗ ಪಟ್ಟಿ ಬರೆದು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.

ಅರ್ಜಿ ಮತ್ತು ಪಟ್ಟಿ

ಅಧಿಸೂಚನೆಯ ಸುದ್ದಿಗೆ ವಾಟ್ಸ್ಆ್ಯಪ್ ಗುಂಪನ್ನು ನಂಬಬೇಡಿ. ವಿಶ್ವವಿದ್ಯಾಲಯದ ಜಾಲತಾಣ, ಕಾಲೇಜಿನ ನೋಟಿಸ್ ಬೋರ್ಡು ಎರಡನ್ನೂ ವಾರಕ್ಕೊಮ್ಮೆ ನೋಡಿ. ಅರ್ಜಿಯನ್ನು ಕಾಲೇಜಿನಲ್ಲೇ ಕೊಡಬೇಕೋ, ಆನ್‌ಲೈನಿನಲ್ಲಿ ಹಾಕಬೇಕೋ ಎನ್ನುವುದನ್ನು ಆ ವರ್ಷದ ಅಧಿಸೂಚನೆಯಲ್ಲೇ ಓದಿ. ಹೋದ ವರ್ಷ ಸೇರಿದ ಅಣ್ಣ ಹೇಳಿದ್ದು ಈ ವರ್ಷಕ್ಕೆ ಹೊಂದಬೇಕೆಂದಿಲ್ಲ.

ಆಯ್ಕೆ ಅಂಕ ಮತ್ತು ಮೀಸಲಾತಿ ರೋಸ್ಟರ್ ಮೇಲೆ. ಒಂದೇ ಕಾಲೇಜಿಗೆ ಹಾಕಿ ಕಾಯುವುದು ದಡ್ಡತನ. ಒಂದು ಸರ್ಕಾರಿ, ಒಂದು ವಿಶ್ವವಿದ್ಯಾಲಯದ್ದು, ಒಂದು ಅನುದಾನಿತ, ಹೀಗೆ ಮೂರು ಕಡೆ ಹಾಕಿ. ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮನೆಗೆ ಹೋಗಿ ಮಲಗಬೇಡಿ. ಇಂಥ ಕಾಲೇಜುಗಳಲ್ಲಿ ಮೊದಲ ಪಟ್ಟಿಯವರು ಎಷ್ಟೋ ಜನ ಬೇರೆಡೆಗೆ ಹೋಗಿಬಿಡುತ್ತಾರೆ, ಎರಡನೆಯ ಮೂರನೆಯ ಪಟ್ಟಿಗೆ ಅಂಕ ಇಳಿಯುತ್ತೆ. ಪಟ್ಟಿ ಹಾಕುವ ದಿನ ಕಾಲೇಜಿನ ಬೋರ್ಡಿನ ಮುಂದೆ ಇರಿ, ಫೀಸು ಕಟ್ಟುವ ಗಡುವು ಕೆಲವೊಮ್ಮೆ ಒಂದೆರಡು ದಿನ ಮಾತ್ರ. ಫೀಸು ಏನಿದ್ದರೂ ಚಲನ್ ಅಥವಾ ರಶೀದಿಯ ಮೇಲೆಯೇ ಕಟ್ಟಿ. "ಸೀಟು ಹಿಡಿದಿಡ್ತೀನಿ, ಇಷ್ಟು ಕೊಡಿ" ಎನ್ನುವವನು ಗೇಟಿನ ಹೊರಗೇ ಸಿಗುತ್ತಾನೆ, ಒಳಗೆ ಅವನಿಗೆ ಒಂದು ಕುರ್ಚಿಯೂ ಇರುವುದಿಲ್ಲ.

ದುಡ್ಡಿನ ಲೆಕ್ಕ

ಸರ್ಕಾರಿ ಕಾಲೇಜಿನ ಶುಲ್ಕ ಸಾವಿರಗಳ ಲೆಕ್ಕದ್ದು. ನಿಜವಾದ ಖರ್ಚು ಊಟ, ರೂಮು, ಬಸ್ಸು. ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿಗೆ, ಕಾಲೇಜಿನಲ್ಲಿ ಸೀಟು ಸಿಕ್ಕ ದಿನವೇ ಅರ್ಜಿ ಹಾಕಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಡಿ ಹತ್ತು ತಿಂಗಳು ಊಟ-ವಸತಿ ನೆರವು ಇದೆ. ಇದಕ್ಕೂ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕುವುದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಎಸ್‌ಎಸ್‌ಪಿ ಮೂಲಕ. ಹಣ ಮಂಜೂರಾಗಿಯೂ ಖಾತೆಗೆ ಬರದೇ ಇರುವುದಕ್ಕೆ ಬಹುತೇಕ ಒಂದೇ ಕಾರಣ: ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ಅಥವಾ ಎಂದೋ ತೆರೆದು ಮರೆತ ಬೇರೆ ಖಾತೆಗೆ ಜೋಡಣೆಯಾಗಿರುತ್ತೆ. ಬ್ಯಾಂಕಿನಲ್ಲಿ "ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗಿದೆ ನೋಡಿ" ಎಂದು ಕೇಳಿ, ಅವರಿಗೆ ಗೊತ್ತಾಗುತ್ತೆ.

ಸೇರುವಾಗಲೇ ತಿಳಿದಿರಬೇಕಾದ್ದು

ಪದವಿ ಮುಗಿದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. 2024ರ ಜುಲೈ 30ರಂದು ಸುಪ್ರೀಂ ಕೋರ್ಟು, ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟ ಜಾತಿ-ಪಂಗಡಕ್ಕೆ 125 ರೂಪಾಯಿ ಮೀರಬಾರದೆಂದು ತೀರ್ಪು ಕೊಟ್ಟಿತು. ವಕೀಲಿಕೆ ಮಾಡಲು ಪಾಸಾಗಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಮುನ್ಸೀಫರಾಗಬೇಕು, ಅಂದರೆ ಈಗಿನ ಸಿವಿಲ್ ನ್ಯಾಯಾಧೀಶರಾಗಬೇಕು ಎಂದುಕೊಂಡು ಬರುವವರಿಗೆ ಮಾತ್ರ ಲೆಕ್ಕ ಬದಲಾಗಿದೆ: 2025ರ ಮೇ 20ರ ತೀರ್ಪಿನಂತೆ ಮೂರು ವರ್ಷ ವಕೀಲಿಕೆ ಬೇಕು. ಹಾಗಾಗಿ ಓದುವ ಊರಿನಲ್ಲೇ ಒಬ್ಬ ಒಳ್ಳೆಯ ಸೀನಿಯರ್ ಸಿಗುತ್ತಾರೆಯೇ ಎನ್ನುವುದೂ ಈಗ ಕಾಲೇಜು ಆಯ್ಕೆಯ ಭಾಗವೇ.

ಹೋದ ಜೂನ್‌ನಲ್ಲಿ ಬಂದಿದ್ದ ನಮ್ಮ ಗುಮಾಸ್ತರ ಮಗಳು ಬುಧವಾರ ಹೋಗಿ ಕಾಲೇಜು ನೋಡಿಕೊಂಡು ಬಂದು ಚೀಟಿಯೊಂದನ್ನು ನನ್ನ ಮೇಜಿನ ಮೇಲಿಟ್ಟಳು: "ಕ್ಲಾಸಲ್ಲಿ 31. ಲಾ ಜರ್ನಲ್ ಹೋದ ತಿಂಗಳದ್ದು ಇದೆ. ಖಾಯಂ ಮೇಷ್ಟ್ರು ಇಬ್ಬರೇ. ಕೋರ್ಟಿಗೆ ನಡೆದರೆ ಏಳು ನಿಮಿಷ." ಸಂಜೆ ಅವಳ ಅಪ್ಪ ಟಿ.ಸಿ. ತರಲು ಹೊರಟರು.